ರೊಟ್ಟಿ ಬಡಿಯೋ ಕೈಗೆ ನರೂಲಿ

ಕುಷ್ಟಗಿಯ ಒಂದು ಖಾನಾವಳಿಯೊಳಗ ಜ್ವಾಳದ ರೊಟ್ಟಿ ಬಡೀತಿದ್ದೆ. ಮುಂಜಾನೆ ಒಲಿ ಮುಂದ ಕುಂತ್ರ ಮಧ್ಯಾಹ್ನದ ಊಟದ ಗದ್ದಲ ಮುಗಿಯೋತನಕ ಏಳಂಗಿಲ್ಲ. ಬಿಸಿನೀರಿನ ಹಿಟ್ಟು ನಾದಿ ನಾದಿ ಬೆರಳು ಸೀಳಿದ್ದವು. ಆ ಸೀಳಿನಾಗನ ನರೂಲಿ ಎದ್ದವು, ಮೊದಲು ಹೆಬ್ಬೆರಳಿಗೆ, ಆಮ್ಯಾಲ ಅಂಗೈ ತುಂಬ.

ನಮ್ಮವ್ವ ಹೇಳಿದಂಗ ಅರಿವ್ಯಾಗ ಉಪ್ಪು ಕಟ್ಟಿ ಭಾವಿಗೆ ಒಗದು, ತಿರುಗಿ ನೋಡಲಾರದ ಬಂದೆ. ನರೂಲಿಗೆ ಕುದರಿ ಕೂದಲಾ ಬಿಗಿದೆ. ಸುಣ್ಣಾ ಹಚ್ಚಿದೆ. ಕೈ ಸುಟ್ಟಿತೇ ಹೊರತು ನರೂಲಿ ಹಂಗ ಕುಂತಿದ್ದವು, ದರಿದ್ರವು! ನನಗಂತೂ ಸಾಕಾಗಿ ಹೋಗಿತ್ತು.

ಒಂದಿನ ಖಾನಾವಳಿ ಮಾಲಕಿ ನನ್ನ ಕೈ ನೋಡಿ, "ಇದೇನು ಕೆಟ್ಟ ರೋಗ ಅಲ್ಲಲ್ಲ? ಚೆಕ್ ಮಾಡಿಸ್ಕೊಂಡು ಬಾ. ಏನೂ ಇಲ್ಲಂದ್ರ ನಿನ್ನ ಜಾಗಾ ನಿನಗ ಐತಿ" ಅಂದ್ಲು. ಜಾಗಾ ಅಂದ್ರ ಒಲಿ ಮುಂದ ನಾ ಕುಂದ್ರೋ ಕಟಗಿ ಮಣಿ. ಬ್ಯಾರೆ ಕೆಲಸ ನನಗ ಬರೂದಿಲ್ಲ. ಅದು ಹೋದ್ರ ನಾನು ಯಾರಿಗೂ ಬೇಕಾದಾಕಿ ಅಲ್ಲ.

ಕೊಪ್ಪಳದಾಗ ಚರ್ಮದ ಡಾಕ್ಟರಮ್ಮ, "ನೋಡಿದ್ರನ ನರೂಲಿ ಅಂತ ಗೊತ್ತಾಗತೈತ್ರಿ. ಆದ್ರ ಸುಟ್ಟು ಸುಟ್ಟು ಕೆಡಿಸಿಕೊಂಡೀರಿ. ಒಂದು ತುಣುಕು ಲ್ಯಾಬಿಗೆ ಕಳಸೂನು" ಅಂದು, ಸೂಜಿ ಚುಚ್ಚಿ ಕೊಯ್ದು ಬಾಟ್ಲಿಗೆ ಹಾಕಿದ್ರು. ರಿಪೋರ್ಟ್ ಬಂದ ದಿನ ಮತ್ತ ಡಾಕ್ಟರಮ್ಮನ ಕಡೆ ಹ್ವಾದೆ.

"ಕ್ಯಾನ್ಸರ್ ಗೀನ್ಸರ್ ಏನಿಲ್ರಿ. ನರೂಲಿ ತರೋ ವೈರಸ್ ಸಿಕ್ಕೈತಿ, ಎಚ್‌ಪಿವಿ ಅಂತಾರ. ಬರೇ ಚರ್ಮಕ್ಕ ಬರೋ ಜಾತೀದು. ರೊಟ್ಟಿ ಬೆಂಕಿಮ್ಯಾಲ ಬೇಯ್ತೈತಿ, ತಿಂದವ್ರಿಗೆ ಬರೂದಿಲ್ಲ. ಕೈಗೆ ಕೈ ತಾಗಿದ್ರ, ಒಂದ ಟಾವೆಲ್ಲಿಗೆ ಒರಸಿಕೊಂಡ್ರ ಬರಬಹುದು" ಅಂದು ಮುಲಾಮು ಬರದು ಕೊಟ್ರು.

ಬಸ್ ಇಳದಾಕಿನ ಖಾನಾವಳಿಗೆ ಓಡಿ ರಿಪೋರ್ಟ್ ಮಾಲಕಿ ಕೈಯಾಗ ಇಟ್ಟೆ. ಆಕಿಗೆ ಇಂಗ್ಲಿಷ್ ಬರಂಗಿಲ್ಲ, ಸಾಲಿ ಕಲತ ಸೊಸೀನ ಕರದ್ಲು. ಸೊಸಿ ಓದಿದ್ಲು: "ಅತ್ತಿ, ಇದರಾಗ ವೈರಸ್ ಐತಿ ಅಂತ ಬರದಾರ್ರಿ."

ಮುಗೀತಲ್ಲ! "ಕೊರೊನಾ ಆದ ಮ್ಯಾಲ ಆ ಹೆಸರು ಕೇಳಿದ್ರ ಗಿರಾಕಿ ನಿಲ್ತಾರೇನು?" ಅಂದ್ಲು ಮಾಲಕಿ. ಡಾಕ್ಟರಮ್ಮ ಹೇಳಿದ್ದನ್ನ ನಾ ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಇಷ್ಟು ದಿನ ನರೂಲಿ ಕೈಲೆ ಬಡಿದಿದ್ದನ್ನ ಊರೆಲ್ಲ ತಿಂದಿತ್ತು, ಹೆಸರು ಗೊತ್ತಾದ ಕೂಡಲೆ ಬ್ಯಾಡಾತು. ಮರುದಿನದಿಂದ ಮಣಿಮ್ಯಾಲ ಸೊಸಿ ಕುಂತ್ಲು.

ತಿಂಗಳುಗಟ್ಟಲೆ ಮುಲಾಮು ಹಚ್ಚಿದ ಮ್ಯಾಲ ನರೂಲಿ ಉದುರಿದವು. ಸ್ವಚ್ಛ ಅಂಗೈ ತೋರಸಾಕ ಹ್ವಾದೆ. ಮಾಲಕಿ, "ಛಲೋ ಆತು ಬಿಡು. ಆದ್ರ ಈಗ ಸೊಸೀನ ಹ್ಯಾಂಗ ಎಬ್ಬಸಲಿ? ಆಕಿ ಕೈಗೇನರ ಆಗಿದ್ರ ಮಾತು ಬ್ಯಾರೆ" ಅಂದ್ಲು.

ನೀರು ಕುಡ್ಯಾಕ ಒಳಗ ಹ್ವಾದೆ. ಸೊಸಿ ಚರಗಿ ಕೊಟ್ಲು. ಆಕಿ ಬೆರಳಿನ ಸಂದ್ಯಾಗ ಸುಣ್ಣದಿಂದ ಸುಟ್ಟ ನರೂಲಿ ಕಂಡವು. ನಾ ನೋಡಿದ್ದು ಆಕಿಗೆ ತಿಳೀತು. ಕೈ ಸೆರಗಿನಾಗ ಮುಚ್ಚಿಕೊಂಡು, "ಅತ್ತಿಗೆ ಹೇಳಬ್ಯಾಡ್ರಿ ಅಕ್ಕಾ, ತವರಿಗೆ ಕಳಸ್ತಾರ್ರಿ" ಅಂದ್ಲು.

ಸಿಟ್ಟು ಬಂತು. ವೈರಸ್ ಐತಿ ಅಂತ ಓದಿ ಹೇಳಿದ್ದು ಇದ ಬಾಯಿ ಅಲ್ಲೇನು? ಒಂದು ಮಾತು ಹೊರಗ ಹೇಳಿದ್ರ ಮಣಿ ನಂದು. ಆದ್ರ ಆಕಿ ಬೆರಳು ನನ್ನವು ಇದ್ದಂಗನ ಸುಟ್ಟಿದ್ದವು.

"ಸುಣ್ಣಾ ಹಚ್ಚಬ್ಯಾಡ. ಟಾವೆಲ್ ಬ್ಯಾರೆ ಇಟ್ಕೊ. ಕೊಪ್ಪಳದ ಡಾಕ್ಟರಮ್ಮಗ ತೋರಸು" ಅಂದು ಹೊರಗ ಬಂದೆ.

"ಹ್ಯಾಂಗ ಬಡೀತಾಳ ನಮ್ಮಾಕಿ?" ಅಂತ ಮಾಲಕಿ ಕೇಳಿದ್ಲು.

"ಭಾಳ ಛಲೋ ಬಡೀತಾಳ್ರಿ," ಅಂದೆ. "ಆಕೀನ ಇರಲಿ."