ಗಿರಿಜಕ್ಕನ ತಪಾಸಣೆ

ಮೂವತ್ತೊಂದು ವರ್ಷ ನಾನು ತಕ್ಕಡಿಗಳನ್ನು ಅನುಮಾನಿಸುವುದಕ್ಕೇ ಸಂಬಳ ಪಡೆದವನು. ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರ್ ಎಂದರೆ ಈಗಿನವರಿಗೆ ಅರ್ಥವಾಗುವುದಿಲ್ಲ. ಪೊಲೀಸಿನವರಾ ಎಂದು ಕೇಳುತ್ತಾರೆ. ಅಲ್ಲ ಎಂದರೆ ಮುಖದ ಮೇಲೆ ತಂದುಕೊಂಡಿದ್ದ ಗೌರವವನ್ನು ವಾಪಸು ತೆಗೆದುಕೊಳ್ಳುತ್ತಾರೆ. ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣು, ತಳ ಕೊರೆದು ಹಗುರ ಮಾಡಿದ ತೂಕದ ಬಟ್ಟು, ಇವೆಲ್ಲ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನನ್ನ ಕಣ್ಣಿಗೆ ಬೀಳುತ್ತಿದ್ದವು. ಮದುವೆ ಮನೆಯಲ್ಲೂ ನಾನು ಎಲೆ ನೋಡದೆ ಬಡಿಸುವವನ ಕೈ ನೋಡುತ್ತೇನೆ ಎಂದು ನನ್ನ ಹೆಂಡತಿ ಶಾಂತಾ ಇವತ್ತಿಗೂ ದೂರುತ್ತಾಳೆ. ಇಂಥ ನಾನು ಹೋದ ವರ್ಷ ಬರೋಬ್ಬರಿ ಮೂರು ತಿಂಗಳು ಒಂದು ವಿಷಯವನ್ನು ತೂಗಿ ನೋಡಲಾರದೆ ಹೆದರಿ ಕೂತಿದ್ದೆ. ಮರೆವಿನ ಕಾಯಿಲೆ ಹಿಡಿದ ನನ್ನ ಅಕ್ಕನನ್ನು ಯಾವ ಆರೈಕೆ ಮನೆಗೆ ಸೇರಿಸುವುದು ಎಂಬುದೇ ಆ ವಿಷಯ.

ಗಿರಿಜಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನನಗೆ ಆರು ತುಂಬುವ ಮೊದಲೇ ಅವ್ವ ತೀರಿಕೊಂಡದ್ದರಿಂದ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಬೆನ್ನಿಗೆ ಗುದ್ದಿದವಳು, ಎರಡೂ ಅವಳೇ. ಮದುವೆಯಾಗಿ ಭದ್ರಾವತಿಗೆ ಹೋದಳು. ಭಾವ ಕಾರ್ಖಾನೆಯಲ್ಲಿದ್ದರು, ಕ್ವಾರ್ಟರ್ಸಿನಲ್ಲಿ ಮನೆ, ಅಕ್ಕಪಕ್ಕ ತಮಿಳಿನವರು, ತೆಲುಗಿನವರು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಮನೆಗೆ ಒಂದು ಟ್ರಂಕು ಮತ್ತು ಎರಡು ಕರಿಬೇವಿನ ಸಸಿಯೊಂದಿಗೆ ಬಂದವಳು, ಬಂದ ವಾರದಲ್ಲೇ ಅಡುಗೆ ಮನೆಯ ಡಬ್ಬಿಗಳ ಜಾಗವನ್ನೆಲ್ಲ ಬದಲಾಯಿಸಿದಳು. ಶಾಂತಾ ಹೊಸ ಜಾಗಗಳನ್ನು ಕಲಿತುಕೊಂಡಳು. ಆರು ವರ್ಷಗಳ ನಂತರ ಅದೇ ಡಬ್ಬಿಗಳ ಮುಂದೆ ನಿಂತು ಅಕ್ಕ, ಸಾಸಿವೆ ಯಾವುದರಲ್ಲಿದೆ ಎಂದು ದಿನಕ್ಕೆ ಹತ್ತು ಸಲ ಕೇಳತೊಡಗಿದಾಗ ಹತ್ತು ಸಲವೂ ಡಬ್ಬಿ ತೆಗೆದು ಕೈಗೆ ಕೊಟ್ಟಳು.

ನಮ್ಮ ಹಿರಿಯರು ಇದಕ್ಕೆ ಅರಳುಮರಳು ಎಂಬ ಮುದ್ದಾದ ಹೆಸರಿಟ್ಟಿದ್ದರು. ಕೇಳಿದರೆ ಮಕ್ಕಳಾಟವಿರಬೇಕು ಅನ್ನಿಸುವಂಥ ಶಬ್ದ. ಡಾಕ್ಟರು ಡಿಮೆನ್ಶಿಯಾ ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು, ಅಷ್ಟು ಒಳ್ಳೆಯ ಕನ್ನಡ ಶಬ್ದವಿರುವಾಗ ಇದೇಕೆ ಎಂದು. ಮನೆಗೆ ಬಂದ ಮೇಲೆ ಗೊತ್ತಾಯಿತು, ಮುದ್ದಾದ ಶಬ್ದ ನಮ್ಮ ಹೆದರಿಕೆಗೆ ಹೊದಿಸಿದ ಕಂಬಳಿಯಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಬಸ್ಸು ಹತ್ತಿ ಆಯನೂರಿಗೆ ಹೋಗಿ, ಅಲ್ಲಿ ಎಳನೀರು ಮಾರುವವನ ಪಕ್ಕದಲ್ಲಿ ಸಂಜೆಯವರೆಗೆ ಕೂತಿದ್ದಳು. ಅದನ್ನು ನಾವು ನಕ್ಕು ಕಳೆದೆವು. ಇನ್ನೊಂದು ದಿನ ಬೆಳಿಗ್ಗೆ ಅಡುಗೆ ಮನೆಯಲ್ಲಿದ್ದ ಶಾಂತಾಳನ್ನು ಯಾರೋ ಕಳ್ಳಿ ಎಂದುಕೊಂಡು ಹಿಂದಿನಿಂದ ತಳ್ಳಿದಳು. ಶಾಂತಾಳ ಮಣಿಕಟ್ಟು ಮುರಿಯಿತು. ನಗುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ನನಗಾದ ಹೆದರಿಕೆಯನ್ನು ಬಿಡಿಸಿ ಹೇಳಿಬಿಡುತ್ತೇನೆ. ಅಕ್ಕನ ಕೈತುತ್ತು ತಿಂದವನು ಅವಳನ್ನು ಹೊರಗೆ ಬಿಟ್ಟು ಬಂದ ಎಂದು ನೆಂಟರು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ಇತ್ತು. ಅದು ಸಣ್ಣದು, ಒಂದು ವಾರದಲ್ಲಿ ಸವೆದುಹೋಯಿತು. ಹೊಸ ಜಾಗದಲ್ಲಿ ಅವಳು ಬಾಯಾರಿದಾಗ ನೀರು ಎಂಬ ಶಬ್ದ ನೆನಪಾಗದೆ ಸುಮ್ಮನೆ ಕೂತುಬಿಟ್ಟರೆ ಎಂಬುದು ಇನ್ನೊಂದು. ಅದು ಸವೆಯಲಿಲ್ಲ. ಮತ್ತೆ ಇನ್ನೂ ಒಂದಿತ್ತು, ಅದನ್ನು ಶಾಂತಾಳಿಗೂ ಹೇಳಿರಲಿಲ್ಲ. ನಾನು ಅದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನು, ನನಗೂ ಅರವತ್ತೇಳಾಗಿದೆ, ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಬರುವವನು.

ಹಿಂದೆ ಒಂದೊಂದು ಊರಿಗೆ ಒಂದೊಂದು ಸೇರು ಇತ್ತು. ಈ ಪೇಟೆಯ ಸೇರು ತುಂಬಿಸಿದ ಅಕ್ಕಿ ಪಕ್ಕದ ಪೇಟೆಯ ಸೇರಿಗೆ ಒಂದು ಹಿಡಿ ಕಡಿಮೆ ಬೀಳುತ್ತಿತ್ತು. ಎರಡೂ ಕಡೆಯ ವ್ಯಾಪಾರಿಗಳು ತಮ್ಮದೇ ಸರಿ ಎಂದು ಆಣೆ ಮಾಡುತ್ತಿದ್ದರು. ಈ ಕಿಲೋ, ಲೀಟರು ಬಂದದ್ದು ಆ ಜಗಳ ಮುಗಿಸಲೆಂದೇ. ಆದರೆ ‘ಚೆನ್ನಾಗಿ ನೋಡ್ಕೊಳ್ತೀವಿ’ ಎಂಬ ಮಾತಿಗೆ ಇನ್ನೂ ಯಾವ ಸರಕಾರವೂ ಮುದ್ರೆ ಒತ್ತಿದ ಬಟ್ಟನ್ನು ಮಾಡಿಲ್ಲ. ಎಲ್ಲ ಆರೈಕೆ ಮನೆಗಳವರೂ ಫೋನಿನಲ್ಲಿ ಅದೇ ಮಾತು ಹೇಳಿದರು. ಹಾಗಾಗಿ ನನ್ನ ಹಳೆಯ ವಿದ್ಯೆಯನ್ನೇ ಹೊರತೆಗೆದೆ: ಹೇಳದೆ ಕೇಳದೆ ಹೋಗುವುದು.

ಮೊದಲನೆಯದು ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಮಧ್ಯಾಹ್ನ ಮೂರೂವರೆಗೆ ಹೋದೆ. ಗೇಟಿನವನು ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಬಂದ ಕಾರಣ ಬರೆಯಿರಿ ಎಂದ. ನಾನು ಬರೆಯುತ್ತಿರುವಾಗ ಒಳಗೆ ಟಿವಿ ಹಾಕಿದ ಸದ್ದು, ಕುರ್ಚಿಗಳನ್ನು ಎಳೆದ ಸದ್ದು ಕೇಳಿತು. ತಕ್ಕಡಿಯ ಅಡಿಯ ಹುಣಸೆಹಣ್ಣನ್ನು ಕಿತ್ತು ತೆಗೆಯುವ ಸದ್ದು ನನಗೆ ಗೊತ್ತು. ಒಳಗೆ ಹೋದರೆ ಎಲ್ಲರೂ ಸಾಲಾಗಿ ಕೂತು ಒಂದು ಅಡುಗೆ ಕಾರ್ಯಕ್ರಮ ನೋಡುತ್ತಿದ್ದರು, ಒಬ್ಬಾಕೆ ಮಾತ್ರ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಅವರು ಯಾರು ಎಂದೆ. ಏಳನೇ ನಂಬರು ಎಂದ ಮ್ಯಾನೇಜರು. ಅಕ್ಕ ದಿನಾ ಇಷ್ಟಲಿಂಗ ಪೂಜೆ ಮಾಡುವವಳು ಎಂಬುದನ್ನು ಹೇಳಿದೆ. ಎಲ್ಲ ಮರೆತರೂ ಸ್ನಾನವಾದೊಡನೆ ಅವಳ ಎಡಗೈ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ, ಬಲಗೈ ಕೊರಳಿನ ಲಿಂಗವನ್ನು ಆ ಅಂಗೈ ಮೇಲಿಟ್ಟು ವಿಭೂತಿ ಹಚ್ಚುತ್ತದೆ. ಇಲ್ಲಿ ಯಾರ ಕೊರಳಲ್ಲೂ ದಾರ, ಸರ ಯಾವುದನ್ನೂ ಬಿಡುವುದಿಲ್ಲ, ಉರುಲಾಗುವ ಅಪಾಯ, ಕಪಾಟಿನಲ್ಲಿ ಭದ್ರವಾಗಿಡುತ್ತೇವೆ ಎಂದ ಮ್ಯಾನೇಜರು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನದೇ ಲಿಂಗ ಎಷ್ಟೋ ವರ್ಷಗಳಿಂದ ಕಪಾಟಿನಲ್ಲಿ ಭದ್ರವಾಗಿದೆ. ಆದರೂ ಬರಿಗೈ ಚಾಚಿಕೊಂಡು ಕೂತ ಅಕ್ಕ ಕಣ್ಣ ಮುಂದೆ ಬಂದಳು, ಅಲ್ಲಿ ಕೊಟ್ಟ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಎರಡನೆಯದು ಆಯನೂರಿನ ಕಡೆ, ಊರ ಹೊರಗೆ. ಹುಲ್ಲುಹಾಸು, ಗಾಜಿನ ತೊಟ್ಟಿಯಲ್ಲಿ ಮೀನು, ಪ್ರತಿ ಬಾಗಿಲಿಗೂ ಗುಂಡಿ ಒತ್ತಿ ತೆರೆಯುವ ಬೀಗ. ನಾಲ್ಕು ಅಂಕಿ ಒತ್ತಿದರೆ ಮಾತ್ರ ತೆರೆಯುತ್ತದೆ, ಹಾಗಾಗಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಅಲ್ಲಿಯ ಹುಡುಗಿ ಹೆಮ್ಮೆಯಿಂದ ಹೇಳಿ, ನೀವೇ ಸುತ್ತಾಡಿ ನೋಡಿ ಸಾರ್ ಎಂದು ನನಗೂ ಆ ಅಂಕಿಗಳನ್ನು ಹೇಳಿಕೊಟ್ಟಳು. ಸುತ್ತಾಡಿದೆ. ಎಲ್ಲ ಚೊಕ್ಕವಾಗಿತ್ತು. ಹೊರಡಲು ಬಾಗಿಲಿಗೆ ಬಂದೆ, ಬೆರಳೆತ್ತಿದೆ, ಅಂಕಿಗಳು ಹೋಗಿದ್ದವು. ಮೊದಲನೆಯದು ಏಳೋ ಒಂದೋ. ಎರಡು ಸಲ ಒತ್ತಿದೆ, ಬೀಗ ಕೆಂಪಗೆ ಮಿನುಗಿತು. ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ತಲೆ ಬಾಚಿ ಹೂ ಮುಡಿದ ಒಬ್ಬ ಅಜ್ಜಿ.

‘ನಂಗೂ ಗೊತ್ತಿಲ್ಲಪ್ಪ,’ ಎಂದರು. ‘ಬಾ, ಕೂತ್ಕೊ. ಯಾರಾದ್ರೂ ಬರ್ತಾರೆ.’

ಹತ್ತು ನಿಮಿಷ ಆ ಅಜ್ಜಿಯ ಪಕ್ಕದಲ್ಲಿ ಮೀನು ನೋಡುತ್ತ ಕೂತಿದ್ದೆ. ಇದನ್ನು ಈಗ ನಗುತ್ತ ಬರೆಯುತ್ತಿದ್ದೇನೆ. ಅಂದು ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಸ್ಕೂಟರಿನ ಕೀಲಿ ಹಾಕುವ ಮೊದಲು ರಸ್ತೆ ಬದಿ ನಿಂತು ನನ್ನ ಫೋನ್ ನಂಬರು, ಮಗಳ ಹುಟ್ಟಿದ ದಿನ, ಸೇರಿಗೆ ಎಷ್ಟು ಪಾವು, ಎಲ್ಲವನ್ನೂ ಒಂದು ಸಲ ಬಾಯಿಬಿಟ್ಟು ಹೇಳಿಕೊಂಡೆ.

ಮೂರನೆಯದಕ್ಕೆ ಅಕ್ಕನನ್ನು ಕರೆದುಕೊಂಡು ಹೋಗುವ ಇರಾದೆ ನನಗಿರಲಿಲ್ಲ. ಅಂದು ಶಾಂತಾಳ ಕೈಯ ಪ್ಲಾಸ್ಟರು ಬಿಚ್ಚಿಸುವ ದಿನ, ಅಕ್ಕನೊಬ್ಬಳನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ಭದ್ರಾವತಿಯ ಹಳೇ ಊರಿನಲ್ಲಿ ಲೀಲಮ್ಮ ಎಂಬ ನಿವೃತ್ತ ನರ್ಸು ತಮ್ಮ ಮನೆಯಲ್ಲೇ ಹನ್ನೊಂದು ಜನರನ್ನು ನೋಡಿಕೊಳ್ಳುತ್ತಾರೆಂದು ಕೇಳಿದ್ದೆ. ಆಟೋದಲ್ಲಿ ಕೂತ ಅಕ್ಕ ಎಲ್ಲಿಗೆ ಎಂದು ಕೇಳಿದಳು. ನಾನು ಹೇಡಿ, ಒಂದು ಜಾಗ ನೋಡಿ ಬರೋಣ, ಇರೋದಕ್ಕೆ ಚೆನ್ನಾಗಿದೆಯಂತೆ ಎಂದೆ. ಯಾರು ಇರುವುದಕ್ಕೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಅಲ್ಲಿ ಆದದ್ದು ಅರ್ಥವಾಗಬೇಕಾದರೆ ಹಳೆಯದೊಂದು ಸಂಗತಿ ಹೇಳಬೇಕು. ನನಗೆ ಹನ್ನೊಂದಾದಾಗ ಅಪ್ಪ ನನ್ನನ್ನು ಶಿವಮೊಗ್ಗದ ಒಂದು ಮಠದ ಹಾಸ್ಟೆಲಿಗೆ ಸೇರಿಸಲು ನಿರ್ಧರಿಸಿದರು. ಕರೆದುಕೊಂಡು ಬಂದವಳು ಹತ್ತೊಂಬತ್ತರ ಗಿರಿಜಕ್ಕ. ವಾರ್ಡನ್ನು ಕೂರಿ ಎಂದರೂ ಕೂರದೆ ಅವಳು ನೇರವಾಗಿ ಅಡುಗೆ ಮನೆಗೆ ಹೋಗಿ ಸಾರಿನ ಹಂಡೆಯ ಮುಚ್ಚಳ ತೆಗೆದು, ಸೌಟನ್ನು ತಳದವರೆಗೆ ಇಳಿಸಿ ಬೇಳೆ ಇದೆಯೇ ಎಂದು ನೋಡಿದಳು. ಆಮೇಲೆ ಹುಡುಗರು ಮಲಗುವ ಕೋಣೆಗೆ ಹೋಗಿ ಒಂದು ದಿಂಬನ್ನು ಎತ್ತಿ ಮೂಸಿದಳು. ಕೊನೆಗೆ ಅಂಗಳದಲ್ಲಿದ್ದ ಹುಡುಗರನ್ನು ಒಬ್ಬೊಬ್ಬರಾಗಿ ತೋರಿಸಿ, ಇವನ ಹೆಸರೇನು, ಅವನ ಹೆಸರೇನು ಎಂದು ವಾರ್ಡನ್ನರನ್ನು ಕೇಳಿದಳು. ನಾನು ನಾಚಿಕೆಯಿಂದ ಸತ್ತುಹೋಗಿದ್ದೆ. ವಾರ್ಡನ್ನು ಎಲ್ಲರ ಹೆಸರು ಹೇಳಿದ ಮೇಲೆಯೇ ನನ್ನ ಹಾಸಿಗೆ ಒಳಗೆ ಹೋದದ್ದು. ಶನಿವಾರ ಬರುತ್ತೇನೆ, ಒಳಗೆ ಹೋಗು ಎಂದಳು. ಹೋಗಿ ತಿರುಗಿ ನೋಡುವುದರಲ್ಲಿ ಅವಳಿರಲಿಲ್ಲ. ಅಡುಗೆ ಮನೆಯ ಹಿಂಬಾಗಿಲಿನಿಂದ ಅಳುತ್ತ ಹೋಗಿದ್ದಳಂತೆ. ಇದನ್ನು ನನಗೆ ಅಲ್ಲಿಯ ಅಡುಗೆಯವರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಲೀಲಮ್ಮನ ಮನೆಯ ಹೊಸ್ತಿಲು ದಾಟಿದ ಅಕ್ಕ ಒಂದು ಕ್ಷಣ ನಿಂತಳು. ಜಗಲಿಯ ಮೇಲೆ ಸಾಲಾಗಿ ಮಂಚಗಳು, ಕೂತವರು, ಮಲಗಿದವರು, ಎಲ್ಲಿಂದಲೋ ಒಗ್ಗರಣೆಯ ವಾಸನೆ. ಅವಳ ಬೆನ್ನು ನೆಟ್ಟಗಾಯಿತು. ಲೀಲಮ್ಮ ಕುರ್ಚಿ ಎಳೆದರು; ಅಕ್ಕ ಕೂರಲಿಲ್ಲ. ವಾಸನೆ ಹಿಡಿದು ಅಡುಗೆ ಮನೆಗೆ ಹೋದಳು. ನಾನು ಹಿಂದೆ ಓಡಿ ಹೋಗುವಷ್ಟರಲ್ಲಿ ಸಾರಿನ ಪಾತ್ರೆಯ ಮುಚ್ಚಳ ಅವಳ ಕೈಯಲ್ಲಿತ್ತು, ಸೌಟು ತಳ ಮುಟ್ಟಿತ್ತು. ಸಾಸಿವೆಯ ಡಬ್ಬಿ ಗೊತ್ತಿಲ್ಲದ ಕೈಗೆ ಇದು ಗೊತ್ತಿತ್ತು. ಆಮೇಲೆ ಹೊರಗೆ ಬಂದು ಖಾಲಿ ಮಂಚದ ಮೇಲಿದ್ದ ದಿಂಬನ್ನು ಎತ್ತಿ ಮೂಸಿದಳು. ಮುಂದೇನೆಂದು ನನಗೆ ಗೊತ್ತಿತ್ತು. ಲೀಲಮ್ಮ ಬೇಸರಪಟ್ಟುಕೊಂಡು ಬಾಗಿಲು ತೋರಿಸಿದರೆ ನೋಡಲು ನಾಲ್ಕನೆಯ ಜಾಗವಿರಲಿಲ್ಲ.

ಅಲ್ಲಿ ಸೆಲ್ವಿ ಎಂಬ ಆಯಾ ಒಬ್ಬ ಮುದುಕಿಗೆ ಜಡೆ ಹಾಕುತ್ತಿದ್ದಳು. ಅಕ್ಕ ಅವಳೆದುರು ನಿಂತು, ಇವರ ಹೆಸರೇನು ಎಂದು ಆ ಮುದುಕಿಯನ್ನು ತೋರಿಸಿ ಕೇಳಿದಳು.

‘ರಂಗಮ್ಮ,’ ಎಂದಳು ಸೆಲ್ವಿ, ಜಡೆ ಬಿಡದೆ. ‘ಟೀಗೆ ಬೆಲ್ಲ ಹಾಕಿದ್ರೆ ಮಾತ್ರ ಕುಡೀತಾರೆ.’

ಅಕ್ಕನ ಬೆರಳು ಮುಂದಿನ ಮಂಚಕ್ಕೆ ಹೋಯಿತು. ಸೆಲ್ವಿ ಆ ಹೆಸರು ಹೇಳಿದಳು, ಅವರಿಗೆ ಫ್ಯಾನಿನ ಗಾಳಿ ಆಗದು ಎಂದಳು. ಹೀಗೆ ಹನ್ನೊಂದು ಮಂಚ, ಹನ್ನೊಂದು ಹೆಸರು, ಒಬ್ಬೊಬ್ಬರದೂ ಒಂದೊಂದು ಹಟ. ಒಬ್ಬರು ಮಾತ್ರ ತಮಿಳಿನಲ್ಲೇ ಮಾತಾಡುತ್ತಾರೆ ಎಂದಾಗ ಅಕ್ಕ ಕ್ವಾರ್ಟರ್ಸಿನಲ್ಲಿ ಕಲಿತ ತಮಿಳಿನಲ್ಲಿ ಅವರನ್ನು ಊಟವಾಯಿತೇ ಎಂದು ವಿಚಾರಿಸಿದಳು. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಪಕ್ಕಾ ತಪಾಸಣೆಯನ್ನು ನಾನು ಮಾಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ನನ್ನ ತೋಳು ಹಿಡಿದು ಸೆಲ್ವಿಯ ಮುಂದೆ ನಿಲ್ಲಿಸಿದಳು.

‘ಇವ್ನು ನನ್ ತಮ್ಮ, ಚನ್ನ. ತಾಯಿ ಇಲ್ಲ. ಕತ್ತಲಂದ್ರೆ ಹೆದರ್ತಾನೆ, ದೀಪ ಆರಿಸ್ಬೇಡಿ.’

ಆಗ ನನಗೆ ತಿಳಿಯಿತು: ಅಕ್ಕ ಆ ಜಾಗವನ್ನು ನೋಡಿದ್ದು ನನಗಾಗಿ. ನರೆತ ಮೀಸೆಯ ನಾನು ಹನ್ನೊಂದರ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದೆ. ಸೆಲ್ವಿ ನನ್ನನ್ನೊಮ್ಮೆ ನೋಡಿದಳು, ಅಕ್ಕನನ್ನೊಮ್ಮೆ ನೋಡಿದಳು. ನಗಲಿಲ್ಲ.

‘ಆರಿಸಲ್ಲಮ್ಮ. ತಮ್ಮ ಒಗ್ಗೋ ತನಕ ನೀವೂ ಇಲ್ಲೇ ಇರಿ,’ ಎಂದಳು.

ಅಕ್ಕ ಯೋಚಿಸಿ, ಆಗಲಿ ಎಂದಳು. ಹೊರಡುವಾಗ ನಾನು ಲಿಂಗದ ಮಾತೆತ್ತಿದೆ. ದಪ್ಪ ದಾರ ಬೇಡ, ಎಳೆದರೆ ತಾನೇ ಹರಿಯುವಂಥ ತೆಳ್ಳಗಿನ ನೂಲಿನ ಶಿವದಾರ ಹಾಕಿ ತನ್ನಿ ಎಂದರು ಲೀಲಮ್ಮ. ಸೆಲ್ವಿ ಕೇಳಿದ್ದು ಒಂದೇ ಪ್ರಶ್ನೆ, ವಿಭೂತಿ ಗಟ್ಟಿಯೋ ಪುಡಿಯೋ ಎಂದು.

ಮುಂದಿನ ಸೋಮವಾರ ಟ್ರಂಕಿನೊಂದಿಗೆ ಹೋದೆವು. ಎಷ್ಟೋ ಮಾತುಗಳನ್ನು ಉರು ಹೊಡೆದಿದ್ದೆ, ಒಂದೂ ಬೇಕಾಗಲಿಲ್ಲ. ಅಕ್ಕ ಜಗಲಿಯಲ್ಲಿ ನನ್ನ ಅಂಗಿಯ ಕಾಲರು ಸರಿಮಾಡಿ, ‘ಶನಿವಾರ ಬರ್ತೀನಿ. ಒಳಗೆ ಹೋಗು, ಅಳ್ಬೇಡ,’ ಎಂದಳು. ಅವಳು ಹೇಳಿದ ಹಾಗೆ ಕೇಳಿದೆ. ಒಳಗೆ ಹೋಗಿ ರಂಗಮ್ಮನವರ ಪಕ್ಕ ಸ್ವಲ್ಪ ಹೊತ್ತು ಕೂತೆ. ಕಿಟಕಿಯಿಂದ ನೋಡಿದರೆ ಅಕ್ಕ ನನ್ನ ಚಿಂತೆ ಮುಗಿಸಿ, ಸೆಲ್ವಿಯ ಮೊರದಲ್ಲಿದ್ದ ಅವರೆಕಾಯಿಗೆ ಕೈ ಹಾಕಿದ್ದಳು. ನಾನು ಅಡುಗೆ ಮನೆಯ ಹಿಂಬಾಗಿಲಿನಿಂದ ಹೊರಗೆ ಬಂದೆ. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ಅಳುತ್ತಲೇ ನಡೆದೆ. ಎದುರಾದ ಪರಿಚಯದವರೊಬ್ಬರಿಗೆ ಕಣ್ಣಿಗೆ ಧೂಳು ಬಿತ್ತು ಎಂದೆ.

ಅಂದಿನಿಂದ ಶನಿವಾರ ತಪ್ಪಿಸಿಲ್ಲ. ಹೋಗುವವನು ನಾನಾದರೂ, ನೋಡಲು ಬಂದವಳು ತಾನೆಂದು ಅವಳ ಲೆಕ್ಕ. ಊಟ ಸರಿಯಾಗಿ ಹಾಕುತ್ತಾರಾ ಎಂದು ನನ್ನನ್ನು ವಿಚಾರಿಸುತ್ತಾಳೆ, ಸೊರಗಿದ್ದೀಯ ಎನ್ನುತ್ತಾಳೆ. ತೂಕ ಇಳಿಸು ಎಂದು ಎಲ್ಲರಿಂದ ಬೈಸಿಕೊಳ್ಳುವ ಸಕ್ಕರೆ ಕಾಯಿಲೆಯವನಾದ ನನಗೆ ಸೊರಗಿದ್ದೀಯ ಎನ್ನುವವರು ಈಗ ಅವಳೊಬ್ಬಳೇ. ಹೆದರಿಕೆ ಹೋಗಿಲ್ಲ. ಪ್ರತಿ ಶನಿವಾರ ಆ ಗೇಟು ತೆಗೆಯುವಾಗ, ಇವತ್ತು ನೀನ್ಯಾರು ಎಂದು ಕೇಳಿಬಿಟ್ಟರೆ ಎಂದು ಕಾಲು ಹಿಂದೆ ಸರಿಯುತ್ತದೆ. ಒಂದು ದಿನ ಕೇಳಿಯೇ ಕೇಳುತ್ತಾಳೆ ಎಂದು ಡಾಕ್ಟರು ಹೇಳಿದ್ದಾರೆ.

ಹೋದ ವಾರ ಹೊಸದಾಗಿ ಸೇರಿದ ಆಯಾ ಒಬ್ಬಳು ಗೇಟಿನಲ್ಲಿ ನನ್ನನ್ನು ತಡೆದು, ಇವರ್ಯಾರು ಎಂದು ಒಳಗೆ ಕೂಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಸೆಲ್ವಿಯ ದನಿ ಬಂತು.

‘ಗಿರಿಜಮ್ಮನ ತಮ್ಮ, ಚನ್ನ. ಕತ್ತಲಂದ್ರೆ ಹೆದರ್ತಾರೆ, ಒಳಗೆ ಬಿಡು.’

ಇನ್‌ಸ್ಪೆಕ್ಟರಾಗಿದ್ದವನು ನಾನು, ಯಾರೇ ಏನು ಹೇಳಿದರೂ ಅದರಲ್ಲಿ ಗುಲಗಂಜಿ ತೂಕದಷ್ಟಾದರೂ ವ್ಯತ್ಯಾಸ ಹುಡುಕುವವನು. ಅಂದು ಹುಡುಕಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.