ಅತ್ತೆ, ಎಮಿನೆ ಮತ್ತು ಶನಿವಾರದ ಸಂತೆ

ಸಿಡ್ನಿಗೆ ಬಂದ ಮೊದಲ ವಾರ ನನ್ನನ್ನು ಒಂದು ಬದನೆಕಾಯಿ ಹೆದರಿಸಿತು. ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಕಪಾಟಿನಲ್ಲಿ ಅದು ಕರ್ರಗೆ ಹೊಳೆಯುತ್ತ, ಎಳೆಗೂಸಿನಷ್ಟು ದೊಡ್ಡದಾಗಿ ಮಲಗಿತ್ತು. ಧಾರವಾಡದಲ್ಲಿ ನಾನು ಕಂಡ ಬದನೆಕಾಯಿಗಳು ಮುಷ್ಟಿಯೊಳಗೆ ಕೂರುವಂಥವು. ತೊಟ್ಟು ಉಳಿಸಿ ಸೀಳಿ, ಶೇಂಗಾಪುಡಿ, ಗುರೆಳ್ಳುಪುಡಿ ತುಂಬಿದರೆ ಎಣ್ಣೆಗಾಯಿ. ಇದಕ್ಕೆ ತುಂಬಬೇಕೆಂದರೆ ಒಂದು ಹೊಲದ ಶೇಂಗಾ ಬೇಕಾಗುತ್ತಿತ್ತು. ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ನಿಂತವಳನ್ನು ನೋಡಿ ನಮ್ಮವರು, "ಒಯ್ಯೋಣೇನು?" ಎಂದರು.

"ಒಯ್ದು ಏನ್ ಮಾಡೋಣ, ಹೆಸರಿಡೋಣೇನು?" ಎಂದು ಮೆಲ್ಲಗೆ ಮರಳಿ ಮಲಗಿಸಿ ಬಂದೆ.

ಬದನೆಕಾಯಿಗಿಂತ ಹೆಚ್ಚು ಹೆದರಿಸಿದ್ದು ಆ ಅಂಗಡಿಯ ಮೌನ. ಯಾರೂ ಕೂಗುವುದಿಲ್ಲ, ಯಾರೂ ಬೆಲೆಗೆ ಜಗಳ ಆಡುವುದಿಲ್ಲ, ಸೌತೆಕಾಯಿ ಮುರಿದು ತಿಂದು ನೋಡುವುದಿಲ್ಲ. ಬಿಲ್ ಮಾಡುವ ಹುಡುಗಿ ಮಾತ್ರ "ಹೌ ಆರ್ ಯೂ ಗೋಯಿಂಗ್?" ಎಂದು ಕೇಳಿದಳು. ಹೇಗಿದ್ದೀರಿ ಎಂಬುದಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆಂದು ನನಗೆ ಯಾರು ಹೇಳಿದ್ದರು? "ಬೈ ಬಸ್" ಎಂದೆ. ಅಂದು ಇಡೀ ದಿನದಲ್ಲಿ ನಮ್ಮವರನ್ನು ಬಿಟ್ಟು ಬೇರೆಯವರೊಡನೆ ನಾನಾಡಿದ ಮಾತು ಅಷ್ಟೇ.

ನಮ್ಮವರು, ಅಂದರೆ ಗಿರೀಶ, ಸೇತುವೆಗಳ ನಕ್ಷೆ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಬೆಳಗ್ಗೆ ಟ್ರೈನು ಹಿಡಿದರೆ ಸಂಜೆಗೇ ಮನೆ. ಪ್ಯಾರಮಟ್ಟಾದ ಬಾಡಿಗೆ ಫ್ಲ್ಯಾಟಿನಲ್ಲಿ, ಇಲ್ಲಿಯವರು ಅದನ್ನು ಯುನಿಟ್ ಎನ್ನುತ್ತಾರೆ, ನಾನು ಮತ್ತು ಫ್ರಿಜ್ಜು ಇಬ್ಬರೇ. ಫ್ರಿಜ್ಜಾದರೂ ಆಗಾಗ ಗುರ್ ಎನ್ನುತ್ತಿತ್ತು. ಕೊನೆಗೆ ಬ್ಲ್ಯಾಕ್‌ಟೌನಿನ ಕನ್ನಡದ ಆಂಟಿಯೊಬ್ಬರು ಫೋನಿನಲ್ಲಿ ನನ್ನ ಗೋಳು ಕೇಳಿ, "ಅಯ್ಯೋ, ಶನಿವಾರ ಸಂತೆಗೆ ಹೋಗಮ್ಮ, ಎಲ್ಲಾ ಫ್ರೆಶ್ಶಾಗಿ ಸಿಗುತ್ತೆ" ಎಂದರು.

ಹೋದೆವು. ದೊಡ್ಡ ತಗಡಿನ ಚಾವಣಿ, ಅದರ ಕೆಳಗೆ ಲೆಬನಾನಿನವರು, ವಿಯೆಟ್ನಾಮಿನವರು, ಇಟಲಿಯವರು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. "ಕಮಾನ್ ಲೇಡಿ! ವನ್ ಡಾಲರ್, ವನ್ ಡಾಲರ್!" ಕಾಲಡಿಯಲ್ಲಿ ಕೋಸಿನ ಎಲೆ, ಗಾಳಿಯಲ್ಲಿ ಕೊತ್ತಂಬರಿ, ಬೆನ್ನಿಗೆ ಯಾರದೋ ಕೈಗಾಡಿಯ ಗುದ್ದು. ನನ್ನ ಕಣ್ಣು ತುಂಬಿ ಬಂತು. ಕಸ ಬಿತ್ತೆಂದುಕೊಂಡು ನಮ್ಮವರು ಊದಲು ಬಂದರು. ಆ ದಿನ ವಿಯೆಟ್ನಾಮಿನ ಹೆಂಗಸೊಬ್ಬಳ ಮೇಜಿನ ಮೇಲೆ ಮುಷ್ಟಿಯಲ್ಲಿ ಹಿಡಿಯುವಂಥ ಬದನೆಕಾಯಿ ಸಿಕ್ಕವು.

ಮರುವರ್ಷ ನಾನು ಬಸುರಿಯಾದೆ. ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಾಣಂತನಕ್ಕೆಂದು ಅತ್ತೆ ಗಂಗವ್ವ ಹುಬ್ಬಳ್ಳಿಯಿಂದ ಬಂದರು. ಅಂಟಿನ ಉಂಡೆಗೆ ಬೇಕಾದ್ದನ್ನೆಲ್ಲ ತಂದಿದ್ದರು. ಸಿಡ್ನಿ ವಿಮಾನ ನಿಲ್ದಾಣದ ತಪಾಸಣೆಯವರು ಅದರಲ್ಲಿ ಅರ್ಧವನ್ನು ಕಸದ ಡಬ್ಬಿಗೆ ಹಾಕಿದರು. ಅತ್ತೆಯ ಮನಸ್ಸು ಕೆಟ್ಟಿದ್ದು ಅಲ್ಲಿಂದಲೇ.

ಕೆಲವೇ ವಾರಗಳಲ್ಲಿ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಖಾಲಿ ರಸ್ತೆ ನೋಡುತ್ತ ಕೂರತೊಡಗಿದರು. ಹುಬ್ಬಳ್ಳಿಯಲ್ಲಿ ಅಂಗಳಕ್ಕೆ ಬಂದು ನಿಂತರೆ ಇಡೀ ಓಣಿಯ ಸುದ್ದಿ ಕಾಲ ಬಳಿ ಬಂದು ಬೀಳುತ್ತಿದ್ದವರು. ಇಲ್ಲಿ ಬರುತ್ತಿದ್ದುದು ಒಂದು ನಾಯಿ, ಅದರ ಹಿಂದೆ ಅದರ ಮಾಲೀಕ. ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟರು.

"ಗಿರೀಶಾ, ನನ್ನ ಟಿಕೀಟ ಬದಲಿ ಮಾಡಿಸು. ಇದು ಊರಲ್ಲಪಾ, ದವಾಖಾನಿ. ಮಂದೀನ ಇಲ್ಲ."

"ಅವ್ವಾ, ಇಕಿ ಹಡಿಯೂತನಕರ ಇರು."

"ಇಲ್ಲೆ ಡಾಕ್ಟರ್ ಅದಾರ, ಮಶೀನ್ ಅದಾವ. ನಾ ಯಾಕ ಬೇಕು?"

ಯಾಕೆ ಬೇಕೆಂದು ನಾನು ಹೇಳಬೇಕಿತ್ತು. ಕೂಸಿನ ಕುತ್ತಿಗೆಗೆ ಕೈ ಕೊಡುವುದು ಹೇಗೆಂಬುದೂ ನನಗೆ ಗೊತ್ತಿರಲಿಲ್ಲ. ಆದರೆ ಮದುವೆಯಾದಾಗಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬೀಗರಂತೆಯೇ ಇದ್ದೆವು. ಮರ್ಯಾದೆ ಇತ್ತು, ಸಲುಗೆ ಇರಲಿಲ್ಲ. ಅನ್ನಕ್ಕೆ ಸಾರು ಕಲಸಿಕೊಂಡೆ.

ಆ ಶನಿವಾರ ಅವರನ್ನೂ ಸಂತೆಗೆ ಕರೆದುಕೊಂಡು ಹೋದೆವು. ಒಳಗೆ ಕಾಲಿಟ್ಟಿದ್ದೇ ತಡ, ಅತ್ತೆಯ ಬೆನ್ನು ನೆಟ್ಟಗಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಟೊಮ್ಯಾಟೊ ಮೇಜಿಗೆ ನಡೆದು, ಒಂದನ್ನು ಒತ್ತಿ, ಮೂಸಿ, "ಇದೇನು, ನೀರಿನ ಚೆಂಡು. ಸರಿಯಾಗಿ ಹೇಳು, ಎಷ್ಟಕ್ಕ ಕೊಡ್ತಿ?" ಎಂದರು, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ. ಲೆಬನಾನಿನ ವ್ಯಾಪಾರಿ ಅರಬ್ಬಿಯಲ್ಲಿ ಏನೋ ಹೇಳಿ ಎದೆ ಮುಟ್ಟಿಕೊಂಡ. ಅತ್ತೆ ತಲೆ ಅಲ್ಲಾಡಿಸಿ ಮುಂದೆ ಹೊರಟರು. ಅವನು ಹಿಂದಿನಿಂದ ಕೂಗಿ ಕರೆದ. ಅತ್ತೆಗೆ ಬೇಕಾಗಿದ್ದುದು ಅದೇ, ಹಿಂದಿನಿಂದ ಒಬ್ಬರು ಕೂಗಿ ಕರೆಯುವುದು. ನಮ್ಮವರು ಇಷ್ಟರಲ್ಲಿ ಕಲ್ಲಂಗಡಿ ರಾಶಿಯ ಹಿಂದೆ ಮಾಯವಾಗಿದ್ದರು.

ಸಂತೆಯ ಕೊನೆಯಲ್ಲಿ ಗೋಜ್ಲೆಮೆಯ ಅಂಗಡಿ. ಗೋಜ್ಲೆಮೆ ಎಂದರೆ ಟರ್ಕಿಯವರ ತುಂಬಿದ ರೊಟ್ಟಿ. ಗೋದಿ ಕಣಕವನ್ನು ಕೋಲಿನಂಥ ಸಣ್ಣ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಪಾಲಕ್ ಸೊಪ್ಪು, ಉಪ್ಪುಪ್ಪು ಚೀಸ್ ಹಾಕಿ ಮಡಚಿ, ದೊಡ್ಡ ಹಂಚಿನ ಮೇಲೆ ಸುಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ಅದರ ವಾಸನೆ ಬಂದದ್ದೇ ನನ್ನ ಕಾಲು ನಿಂತೇ ಹೋಯಿತು.

"ಅತ್ತಿಯವ್ರ, ನನಗ ಅದು ಬೇಕು."

ಅತ್ತೆ ನನ್ನ ಮುಖ ನೋಡಿದರು. ಅವರಿಂದ ನಾನು ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಅದು. ಆಮೇಲೆ ಅಂಗಡಿ ನೋಡಿದರು. ಪಾಲಕ್ ಬುಟ್ಟಿಯ ಪಕ್ಕದಲ್ಲೇ ಖೀಮಾದ ಪಾತ್ರೆ. ಎರಡಕ್ಕೂ ಒಂದೇ ಹಂಚು.

"ಶಿವನ! ಅದ್ರಾಗ ಮಾಂಸ ಐತಿ."

"ಹಂಗಾರ ಬ್ಯಾಡ ಬಿಡ್ರಿ" ಎಂದೆ. ಆದರೆ ಕಾಲು ಕದಲಲಿಲ್ಲ. ಒಂದು ಕಡೆ ಹುಟ್ಟಿನಿಂದ ಬಂದ ಮಡಿ, ಇನ್ನೊಂದು ಕಡೆ ಬಸುರಿಯ ಬಯಕೆ. ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿ ನೇರ ಅಂಗಡಿಯ ಒಳಗೇ ಹೋದರು.

ರೊಟ್ಟಿ ಲಟ್ಟಿಸುತ್ತಿದ್ದವಳು ತಲೆಗೆ ಹೂವಿನ ವಸ್ತ್ರ ಕಟ್ಟಿದ್ದ, ಅತ್ತೆಯದೇ ವಯಸ್ಸಿನ ಹೆಂಗಸು. ಹೆಸರು ಎಮಿನೆ ಎಂದು ಆಮೇಲೆ ತಿಳಿಯಿತು. ಅತ್ತೆ ಖೀಮಾ ತೋರಿಸಿ ಕೈ ಆಡಿಸಿದರು, ಹಂಚು ತೋರಿಸಿ ಒರೆಸುವಂತೆ ಸನ್ನೆ ಮಾಡಿದರು, ಕೊನೆಗೆ ನನ್ನ ಹೊಟ್ಟೆ ತೋರಿಸಿದರು. ಎಮಿನೆ ನನ್ನ ಹೊಟ್ಟೆ ನೋಡಿದಳು. "ಆಆ!" ಎಂದು ಬಾಯಿಗೆ ಕೈ ಇಟ್ಟಳು. ಮರುಕ್ಷಣ ಹಂಚಿನ ಮೇಲಿದ್ದುದನ್ನೆಲ್ಲ ಬದಿಗೆ ಎತ್ತಿ, ಗಸಗಸ ತಿಕ್ಕತೊಡಗಿದಳು. ಅತ್ತೆ ಕೈ ತೊಳೆದುಕೊಂಡು ಲಟ್ಟಣಿಗೆ ಎತ್ತಿಕೊಂಡರು. ಕೋಲು ಎರಡು ಸಲ ಜಾರಿತು. "ಇದೇನು, ಕೊಳಲು ಇದ್ಹಂಗ ಐತಿ" ಎಂದು ಅದನ್ನು ಬದಿಗಿಟ್ಟು, ಜೋಳದ ರೊಟ್ಟಿ ಬಡಿದಂತೆ ಅಂಗೈಯಿಂದ ಬಡಿಯತೊಡಗಿದರು. ಟಪ್ ಟಪ್ ಸದ್ದಿಗೆ ಪಕ್ಕದ ಮೀನಿನ ಅಂಗಡಿಯವನೂ ಬಂದು ನಿಂತ.

ಚಡ್ಡಿ ತೊಟ್ಟ ಆಸ್ಟ್ರೇಲಿಯಾದವನೊಬ್ಬ ಅತ್ತೆಯನ್ನೇ ಅಂಗಡಿಯವರೆಂದು ತಿಳಿದು, "ಟೂ ಸ್ಪಿನಚ್, ಥ್ಯಾಂಕ್ಸ್ ಲವ್" ಎಂದ.

"ನಿಂದ್ರಪಾ" ಎಂದರು ಅತ್ತೆ, ತಲೆ ಎತ್ತದೆ. "ಮೊದಲ ಬಸರಿ ಹೆಂಗಸು ತಿನ್ಲಿ."

ಅವನು ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದು "ನೋ ವರೀಸ್" ಎಂದ. ನಾನು ತಿಂದೆ. ಬಡಿದದ್ದು ತುಸು ದಪ್ಪವಾಗಿತ್ತು, ಒಂದು ಅಂಚು ಹಸಿ ಉಳಿದಿತ್ತು. ಅದಕ್ಕಿಂತ ರುಚಿಯಾದದ್ದನ್ನು ನಾನು ಆ ದೇಶದಲ್ಲಿ ಅದುವರೆಗೆ ತಿಂದಿರಲಿಲ್ಲ. ಇಬ್ಬರು ಮುದುಕಿಯರೂ ಸೊಂಟದ ಮೇಲೆ ಕೈಯಿಟ್ಟು, ನಾನು ಕೊನೆಯ ತುತ್ತು ನುಂಗುವವರೆಗೆ ಕಾವಲು ನಿಂತಿದ್ದರು.

ಟ್ರೈನಿನಲ್ಲಿ ಮರಳುವಾಗ ನಾನು ಧೈರ್ಯ ಮಾಡಿದೆ. "ಅತ್ತಿಯವ್ರ, ಹೋಗಬ್ಯಾಡ್ರಿ. ನನಗ ಕೂಸಿಗೆ ನೀರು ಹಾಕಲಿಕ್ಕೂ ಬರೂದಿಲ್ಲ."

"ಅದನ್ನ ಮೊದಲ ಹೇಳಬೇಕಿಲ್ಲೇನು ಹುಚ್ಚೀ?" ಎಂದರು. ಹುಚ್ಚಿ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಟಿಕೀಟಿನ ಮಾತು ಮತ್ತೆ ಬರಲಿಲ್ಲ. ಮುಂದಿನ ಶನಿವಾರ ನಾವು ಏಳುವ ಮೊದಲೇ ಅತ್ತೆ ಎಮಿನೆಗೆಂದು ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಾಗಿಲಲ್ಲಿ ಕೂತಿದ್ದರು.

ಮಗಳು ಹುಟ್ಟಿದಾಗ ನರ್ಸ್ ಪ್ರೀತಿಯಿಂದಲೇ ನನಗೆ ಐಸ್ ಹಾಕಿದ ನೀರು ಕೊಟ್ಟಳು. ಅತ್ತೆ ಅದನ್ನು ಹೂಕುಂಡಕ್ಕೆ ಸುರಿದರು. ಮನೆಗೆ ಬಂದ ಮೇಲೆ ಎಮಿನೆ ಬಂದಳು. ಟರ್ಕಿಯಲ್ಲಿ ಬಾಣಂತಿಗೆ ಕೊಡುವ, ದಾಲ್ಚಿನ್ನಿ ಲವಂಗ ಕುದಿಸಿದ ಕೆಂಪು ಶರಬತ್ತು ತಂದಿದ್ದಳು. ಅತ್ತೆ ಮೂಸಿ ನೋಡಿ, "ನಮ್ಮ ಕಷಾಯನ ಇದು, ಬಣ್ಣ ಅಷ್ಟ ಹಚ್ಚ್ಯಾರ" ಎಂದು ಒಪ್ಪಿಗೆ ಕೊಟ್ಟರು. ಐಸ್ ನೀರಿನ ಕತೆಯನ್ನು ಸನ್ನೆಯಲ್ಲೇ ಹೇಳಿದರು. ಎಮಿನೆ ಕೆನ್ನೆ ಬಡಿದುಕೊಂಡಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ಹೆಂಗಸರು ಸಂಜೆಯವರೆಗೆ ಆಸ್ಟ್ರೇಲಿಯಾವನ್ನು ಬೈದರು. ಅತ್ತೆಯನ್ನು ಅಷ್ಟು ಸುಖವಾಗಿ ನಾನು ನೋಡಿರಲಿಲ್ಲ.

ವೀಸಾ ಮುಗಿದು ಅತ್ತೆ ಹೋದರು. ಫೋನ್ ಕಾರ್ಡಿನ ನಂಬರು ಗೀಚಿ ತೆಗೆದು ಹುಬ್ಬಳ್ಳಿಗೆ ಫೋನ್ ಹಚ್ಚಿದರೆ, ಮಗ, ಮೊಮ್ಮಗಳಾದ ಮೇಲೆ ಮೂರನೆಯ ಪ್ರಶ್ನೆ "ಎಮಿನಾ ಹೆಂಗ ಅದಾಳ?" ಎಂದೇ ಇರುತ್ತಿತ್ತು.

ಮಗಳು ಓಡಾಡುವಂತಾದಾಗ ಊರಿಗೆ ಹೋದೆ. ಅತ್ತೆಯ ಜೊತೆ ಹುಬ್ಬಳ್ಳಿಯ ಪೇಟೆಗೆ ಹೋದವಳು ಮೆಂತ್ಯಪಲ್ಯೆ ಮಾರುವವಳ ಮುಂದೆ ನನ್ನ ಸರದಿ ಬರಲೆಂದು ಕಾಯುತ್ತ ನಿಂತೆ. ನನ್ನ ಅಕ್ಕಪಕ್ಕದಿಂದ ಅರ್ಧ ಊರು ಕೈ ತೂರಿಸಿ ಸೊಪ್ಪಿನ ಸಿವುಡು ಒಯ್ದಿತು. ಕೊನೆಗೆ ಅವಳು ಹೇಳಿದ ಬೆಲೆ ಕೊಟ್ಟು ಥ್ಯಾಂಕ್ಸ್ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವೂರ್ರೀ ಅಕ್ಕಾರ?"

"ಇಲ್ಲೇ, ಧಾರವಾಡ."

"ಅದಲ್ರೀ. ಈಗ ಯಾವೂರು?"

ಸಿಡ್ನಿಯ ಸಂತೆಯಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ಬರುತ್ತದೆ. ಪ್ಯಾರಮಟ್ಟಾ ಎಂದರೆ, "ಅದಲ್ಲ, ಅದಕ್ಕೂ ಮೊದಲು?" ಎನ್ನುತ್ತಾರೆ. ಪೇಟೆಯಲ್ಲಿ ನಾನು ಉತ್ತರಿಸುವ ಮೊದಲೇ ಅತ್ತೆ ನಡುವೆ ಬಂದರು.

"ಅಕಿ ಯಾವೂರಾಕಿಯರ ಇರಲಿ, ನನ್ನ ಸೊಸಿ. ಇನ್ನೊಂದು ಸಿವುಡು ಹಾಕು."

ಪಲ್ಯೆಯವಳು ನಗುತ್ತ ಇನ್ನೊಂದು ಕಟ್ಟು ಹಾಕಿದಳು. ಸಿಡ್ನಿಯ ಸಂತೆಯಲ್ಲಿ ನನ್ನ ಪರವಾಗಿ ಉತ್ತರ ಹೇಳಲು ಅತ್ತೆ ಇರುವುದಿಲ್ಲ. ಅಲ್ಲಿ ನಾನೇ ಏನಾದರೂ ಹೇಳಬೇಕು. ಒಂದು ಶನಿವಾರ ಒಂದು ಊರಿನ ಹೆಸರು ಹೇಳುತ್ತೇನೆ, ಇನ್ನೊಂದು ಶನಿವಾರ ಇನ್ನೊಂದು ಊರಿನದು. ಇದುವರೆಗೆ ಯಾವುದೂ ಸುಳ್ಳೆನಿಸಿಲ್ಲ.