ಮೆದುಳು ತರುವವಳು

ಅವಳ ಮೇಲೆ ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಶಿವಾಜಿನಗರದ ಒಂದು ಟೈಪಿಂಗ್ ಅಂಗಡಿಯಲ್ಲಿ. ತೊಂಬತ್ತರ ದಶಕದ ಕೊನೆ. ದಂಡು ಪ್ರದೇಶದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾವಿಬ್ಬರೂ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆವು. ಸಂಶೋಧನಾ ಸಂಸ್ಥೆಯೊಂದು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ತನ್ನ ಲ್ಯಾಬುಗಳಿಗೆ ಸೇರಿಸಿಕೊಳ್ಳುತ್ತಿತ್ತು. ಅರ್ಜಿಯ ಜೊತೆಗೆ, ಸಂಶೋಧನೆ ಯಾಕೆ ಮಾಡಬೇಕು ಅನ್ನಿಸುತ್ತದೆ ಎಂದು ಒಂದು ಪುಟ ಬರೆದುಕೊಡಬೇಕಿತ್ತು. ನಾನು ಮನುಕುಲದ ಸೇವೆ, ರೋಗವಿಲ್ಲದ ಸಮಾಜ ಎಂದೆಲ್ಲ ಹೊಸೆದಿದ್ದೆ. ಅವಳ ಪುಟ ಹೀಗೆ ಶುರುವಾಗಿತ್ತು: ನಮ್ಮದು ಮಟನ್ ಅಂಗಡಿ. ಚಿಕ್ಕಂದಿನಿಂದ ಕುರಿಯ ಮೆದುಳು ನೋಡುತ್ತಿದ್ದೇನೆ. ಅದರೊಳಗೆ ಏನಿದೆ ಎಂದು ನನಗೆ ಯಾರೂ ಹೇಳಿಲ್ಲ.

"ಈ ಸಾಲು ತೆಗೆದ್ಬಿಡೇ, ನಗ್ತಾರೆ" ಎಂದೆ.

"ನಗಲಿ ಬಿಡು. ನಿಜ ತಾನೇ?" ಎಂದು ಹಾಗೇ ಟೈಪ್ ಮಾಡಿಸಿದಳು.

ಇಬ್ಬರಿಗೂ ಸಿಕ್ಕಿತು, ಅದೂ ಒಂದೇ ಲ್ಯಾಬಿನಲ್ಲಿ. ಮೊದಲ ದಿನ ನಮ್ಮ ಗೈಡು ಕನ್ನಡಕ ಮೇಲೇರಿಸಿ ಕೇಳಿದ ಮೊದಲ ಪ್ರಶ್ನೆ, "ಮಟನ್ ಅಂಗಡಿಯವರು ಯಾರಮ್ಮಾ?" ಪರೀಕ್ಷೆಯಲ್ಲಿ ಕಾಲೇಜಿಗೇ ಮೊದಲು ಬಂದವರು ಯಾರು ಎಂದು ಕೇಳಲಿಲ್ಲ. ಮೊದಲು ಬಂದವಳು ನಾನು.

ಲ್ಯಾಬಿನ ಕೆಲಸ ಮೆದುಳಿನಿಂದ ಒಂದು ಪ್ರೋಟೀನು ತೆಗೆಯುವುದು. ಜೀವಕೋಶ ಒಡೆದು ಎರಡಾಗಬೇಕಾದರೆ ಅದು ಬೇಕು, ಕ್ಯಾನ್ಸರಿನ ಕೆಲವು ಔಷಧಿಗಳು ತಡೆಯುವುದೂ ಅದನ್ನೇ. ಬೆಚ್ಚಗೆ ಮಾಡಿದರೆ ಕೊಳವೆಗಳಾಗಿ ಕೂಡಿಕೊಳ್ಳುತ್ತದೆ, ತಣ್ಣಗಾದರೆ ಬಿಚ್ಚಿಕೊಳ್ಳುತ್ತದೆ. ಆದರೆ ಮೆದುಳು ತಾಜಾ ಇರಬೇಕು. ಕುರಿ ಕಡಿದ ಸ್ವಲ್ಪ ಹೊತ್ತಿನಲ್ಲೇ ಐಸಿನಲ್ಲಿ ಇಟ್ಟು ತರದಿದ್ದರೆ ಇಡೀ ದಿನದ ಕೆಲಸ ನೀರುಪಾಲು. ಅಲ್ಲಿಯವರೆಗೆ ಲ್ಯಾಬಿನವರು ಯಾರ್ಯಾರನ್ನೋ ಕಾಡಿಬೇಡಿ ಹಳಸಿದ್ದನ್ನು ತರುತ್ತಿದ್ದರಂತೆ. ಈಗ ಅವಳು ರಸೆಲ್ ಮಾರ್ಕೆಟ್ ಹಿಂದಿನ ತಮ್ಮ ಅಂಗಡಿಯಿಂದ ಥರ್ಮಾಕೋಲ್ ಡಬ್ಬ ಹಿಡಿದು ಆಟೋದಲ್ಲಿ ಬಂದಿಳಿದರೆ ಸೀನಿಯರುಗಳೆಲ್ಲ ಬಾಗಿಲಿಗೆ ಬರುತ್ತಿದ್ದರು. ಮದುವಣಗಿತ್ತಿಯನ್ನು ಒಳಗೆ ಕರೆದುಕೊಂಡ ಹಾಗೆ ಕರೆದುಕೊಳ್ಳುತ್ತಿದ್ದರು. ನಾನು ವಿಮಾನಪುರದ ಕ್ವಾರ್ಟರ್ಸಿನಿಂದ ಎರಡು ಬಸ್ ಬದಲಿಸಿ, ಅವಳಿಗಿಂತ ಮೊದಲೇ ಬಂದು ಬೀಕರ್ ತೊಳೆದಿಟ್ಟಿರುತ್ತಿದ್ದೆ. ಅದಕ್ಕೆ ಯಾರೂ ಬಾಗಿಲಿಗೆ ಬರಲಿಲ್ಲ.

ಮೆದುಳಿನ ಮೇಲಿನ ಪೊರೆ ಸುಲಿಯುವುದರಲ್ಲೂ ಅವಳದೇ ಮೇಲುಗೈ. ನಾನು ಚಿಮಟಿಗೆ ಹಿಡಿದು ಚೂರುಚೂರು ಕೀಳುತ್ತ ಕೂತರೆ, ಅವಳು ಹಲಸೂರು ಕೆರೆಯ ಸೊಳ್ಳೆಯ ಬಗ್ಗೆ ಏನೋ ಜೋಕು ಹೇಳುತ್ತಲೇ ಬೆರಳಲ್ಲಿ ಎಳೆದುಬಿಡುತ್ತಿದ್ದಳು. ಗೈಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿ. ಲೆಕ್ಕ, ದ್ರಾವಣ, ಗ್ರಾಫು ಎಲ್ಲದರಲ್ಲೂ ನಾನು ಮುಂದಿದ್ದೆ, ಅದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಅವಳ ಬಾಯಿಂದ ಬಂದರೆ ನನ್ನ ಹೊಗಳಿಕೆಯೂ ಅವಳ ಒಳ್ಳೆಯತನದ ಲೆಕ್ಕಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಅಮ್ಮ, "ಏನೇ ಇದು, ಮೈಯೆಲ್ಲ ಒಂಥರಾ ವಾಸನೆ?" ಎಂದರೆ, ಕೆಮಿಕಲ್ಲು ಎನ್ನುತ್ತಿದ್ದೆ. ಮೊಟ್ಟೆಯನ್ನೂ ಒಳಗೆ ತಾರದ ಮನೆ ನಮ್ಮದು.

ಇದನ್ನೆಲ್ಲ ನುಂಗಿಕೊಂಡಿದ್ದಕ್ಕೆ ಕಾರಣವಿತ್ತು. ಇಬ್ಬರಲ್ಲಿ ಒಬ್ಬರನ್ನು ಮುಂದಿನ ವರ್ಷ ಪೂರ್ತಿ ಶನಿವಾರಗಳಲ್ಲಿ ಲ್ಯಾಬಿನಲ್ಲೇ ಉಳಿಸಿಕೊಳ್ಳುತ್ತೇನೆ ಎಂದು ಗೈಡು ಮೊದಲೇ ಹೇಳಿದ್ದರು. ಉಳಿದವಳಿಗೆ ಮುಂದಿನ ದಾರಿ ಸಲೀಸು. ಇನ್ನೊಬ್ಬಳಿಗೆ ಸರ್ಟಿಫಿಕೇಟು. ನನಗೆ ಆ ಜಾಗ ಬೇಕಿತ್ತು. ನನಗೆ ಬೇಕಿತ್ತು ಅನ್ನುವುದರಷ್ಟೇ, ಅವಳಿಗೆ ಸಿಗಬಾರದು ಎಂದೂ ಇತ್ತು.

ಮೇ ತಿಂಗಳಲ್ಲಿ ಅವಳು ಚಿಕ್ಕಮ್ಮನ ಮಗಳ ಮದುವೆಗೆಂದು ಕೋಲಾರಕ್ಕೆ ಹೋದಳು. ಅದೇ ಹೊತ್ತಿಗೆ ಗೈಡು ಕೊನೆಯ ದೊಡ್ಡ ಪ್ರಯೋಗದ ದಿನ ಗೊತ್ತುಮಾಡಿದರು. ಬುದ್ಧ ಪೂರ್ಣಿಮೆ, ಸಂಸ್ಥೆಗೆ ರಜೆ. ಬೇರೆ ಲ್ಯಾಬಿನವರು ಯಾರೂ ಬರದ ಕಾರಣ, ದ್ರಾವಣವನ್ನು ಗಿರ್ರನೆ ತಿರುಗಿಸಿ ಬೇರೆಮಾಡುವ ದೊಡ್ಡ ಸೆಂಟ್ರಿಫ್ಯೂಜು ಇಡೀ ದಿನ ನಮ್ಮದೇ.

"ಆದ್ರೆ ಅವಳು ಊರಲ್ಲಿಲ್ವಲ್ಲ" ಎಂದು ತಲೆ ಕೆರೆದುಕೊಂಡರು.

"ನಾನು ತರ್ತೀನಿ ಸರ್" ಎಂದುಬಿಟ್ಟೆ.

ಅವಳು ಹಿಂದಿನ ಸಂಜೆಯೇ ಕೋಲಾರದಿಂದ ವಾಪಸು ಬರುವುದು ನನಗೆ ಗೊತ್ತಿತ್ತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಈ ಸಲ ಡಬ್ಬ ನನ್ನ ಕೈಯಲ್ಲಿ ಬರಬೇಕು, ಬಾಗಿಲಿಗೆ ಅವರೆಲ್ಲ ನನಗೋಸ್ಕರ ಬರಬೇಕು. ತಲೆಯಲ್ಲಿ ಇದ್ದದ್ದು ಅಷ್ಟೇ.

ಬೆಳಿಗ್ಗೆ ಐಸು ತುಂಬಿದ ಡಬ್ಬ ತಬ್ಬಿಕೊಂಡು ಶಿವಾಜಿನಗರ ಬಸ್ ಸ್ಟಾಂಡಿನಲ್ಲಿ ಇಳಿದೆ. ಹೂವಿನವರು, ಬಟ್ಟೆಯವರು, ಹಣ್ಣಿನ ಗಾಡಿಯವರು ಎಲ್ಲ ಇದ್ದರು. ಅವಳ ಅಂಗಡಿ ಇದ್ದ ಗಲ್ಲಿಗೆ ತಿರುಗಿದರೆ ಉದ್ದಕ್ಕೂ ಬಾಗಿಲು ಮುಚ್ಚಿತ್ತು. ಕಟ್ಟೆಗಳನ್ನೆಲ್ಲ ತೊಳೆದು ಒಣಗಲು ಬಿಟ್ಟಿದ್ದರು, ಒಂದು ನೊಣವೂ ಇರಲಿಲ್ಲ. ಬೇಗ ಬಂದೆನೇನೋ ಎಂದುಕೊಂಡು ಅಂಗಡಿಯ ಮುಂದೆ ನಿಂತೆ. ಐಸು ಕರಗಿ ಡಬ್ಬದ ಮೂಲೆಯಿಂದ ಸೋರಿ ಚೂಡಿದಾರದ ಮೇಲೆ ಇಳಿಯತೊಡಗಿತು. ಕೊನೆಗೆ ಮೇಲಿನ ಮನೆಯ ಕಿಟಕಿಯಿಂದ ಅವಳ ಅಪ್ಪ ಬಗ್ಗಿ ನೋಡಿದರು.

"ಯಾರಮ್ಮಾ? ಕಾಲೇಜ್ ಹುಡುಗೀನಾ? ಇವತ್ತು ಕಟಿಂಗ್ ಇಲ್ಲ ಬೇಟಾ. ಬುದ್ಧ ಪೂರ್ಣಿಮಾ ಅಲ್ವಾ, ಕಾರ್ಪೊರೇಷನ್ ಆರ್ಡರು, ಊರಲ್ಲೆಲ್ಲ ಮಟನ್ ಅಂಗಡಿ ಬಂದ್."

ಈ ಊರಿನಲ್ಲಿ ಮಾಂಸ ತಿನ್ನುವ ಮಕ್ಕಳಿಗೂ ಗೊತ್ತಿರುವ ಮಾತು. ಪುಳಿಚಾರಿನವಳಾದ ನನಗೆ ಗೊತ್ತಿರಲಿಲ್ಲ, ಮೊಸರನ್ನ ತಿನ್ನುವ ನನ್ನ ಗೈಡಿಗೂ ಹೊಳೆದಿರಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅಳುವುದಕ್ಕೆ ಶುರುಮಾಡಿದೆ. ಅವಳು ಕೈತುಂಬ ಮೆಹಂದಿಯ ಕೆಂಪು ಹೊತ್ತು ಮೆಟ್ಟಿಲಿಳಿದು ಓಡಿಬಂದಳು.

"ಅರೆ, ನಂಗೆ ಒಂದು ಫೋನ್ ಮಾಡೋದಲ್ವೇನೇ?" ಎಂದವಳು, ನಾನು ಮುಖ ಆಚೆ ತಿರುಗಿಸಿದ್ದು ನೋಡಿ ಡಬ್ಬವನ್ನು ತಾನೇ ಎತ್ತಿಕೊಂಡಳು. "ನಡಿ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಲ್ಯಾಬಿನಲ್ಲಿ ಗೈಡು ಸೆಂಟ್ರಿಫ್ಯೂಜನ್ನು ತಣ್ಣಗೆ ಮಾಡಿಟ್ಟು ಕಾಯುತ್ತಿದ್ದರು. ಖಾಲಿ ಡಬ್ಬ ನೋಡಿ ಹುಬ್ಬೇರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ತಪ್ಪು ನಂದು ಸರ್. ಪೂರ್ಣಿಮಾ ದಿನ ಅಂಗಡಿ ಇರಲ್ಲ ಅಂತ ಇವಳಿಗೆ ಹೇಳ್ಬೇಕಿತ್ತು. ಮದುವೆ ಗಲಾಟೆಯಲ್ಲಿ ಮರೆತೋಯ್ತು" ಎಂದಳು. ನಾನು ನೆಲ ನೋಡುತ್ತ ನಿಂತೆ. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಥ್ಯಾಂಕ್ಸ್ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಮೆದುಳಿತ್ತು, ಕೈಚಳಕವಿತ್ತು, ಎಲ್ಲರ ಪ್ರೀತಿಯಿತ್ತು. ಇವಳು ಒಳ್ಳೆಯವಳೂ ಆಗಬೇಕಿತ್ತೇ?

ಪ್ರಯೋಗ ಮುಂದಿನ ವಾರಕ್ಕೆ ಹೋಯಿತು, ಅವಳೇ ಡಬ್ಬ ತಂದಳು, ಕೊಳವೆಗಳು ಚೆನ್ನಾಗಿ ಕೂಡಿಕೊಂಡವು. ಗ್ರಾಫು ನಾನು ಬರೆದೆ. ಕೊನೆಯ ದಿನ ಗೈಡು ಅವಳನ್ನು ಉಳಿಸಿಕೊಂಡಿದ್ದೇನೆ ಎಂದರು. ನಾನು ಒಬ್ಬಳೇ ಅವರ ಕೋಣೆಗೆ ಹೋಗಿ, ನನ್ನ ಕೆಲಸದಲ್ಲಿ ಏನು ಕಡಿಮೆಯಾಯಿತು ಸರ್ ಎಂದು ಕೇಳಿಯೇಬಿಟ್ಟೆ.

"ಕೆಲಸದಲ್ಲಿ ಏನೂ ಕಡಿಮೆ ಇಲ್ಲಮ್ಮಾ. ಆ ಪೂರ್ಣಿಮೆ ದಿನ ಪ್ರಯೋಗ ಅಂತ ನಾನು ಹೇಳಿದಾಗ ಅವಳು ಊರಲ್ಲೇ ಇರ್ಲಿಲ್ಲ. ನೀನೂ ಹೇಳಿರ್ಲಿಲ್ಲ, ಅದು ಆವತ್ತು ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಗೊತ್ತೇ ಇಲ್ಲದ್ದನ್ನ ಹೇಗಮ್ಮ ಮರೀತಾಳೆ?" ಎಂದರು. ಪೆನ್ನು ತೆಗೆದು, "ಜೊತೇಲಿರೋರನ್ನ ಬಿಟ್ಟುಕೊಡದವರು ಲ್ಯಾಬಿಗೆ ಬೇಕು" ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿ ಕೊಟ್ಟರು.

ಬಸ್ಸಿನಲ್ಲಿ ಮನೆಯವರೆಗೂ ನನಗೆ ಒಂದೇ ಯೋಚನೆ. ಸುಳ್ಳು ಹೇಳಿದವಳಿಗೆ ಜಾಗ, ಬಾಯಿ ಮುಚ್ಚಿಕೊಂಡವಳಿಗೆ ಸರ್ಟಿಫಿಕೇಟು. ಅದೂ ಆ ಸುಳ್ಳು ನನಗೋಸ್ಕರ ಹೇಳಿದ್ದು. ಇದನ್ನು ಯಾರ ಹತ್ತಿರ ಹೇಳಿಕೊಂಡು ಬೈಯಲಿ?

ಈಗ ಅವಳಿಗೆ ಇದೇ ಊರಿನಲ್ಲಿ ತನ್ನದೇ ಲ್ಯಾಬಿದೆ. ನಾನು ಇಂದಿರಾನಗರದಲ್ಲಿ ರಕ್ತಪರೀಕ್ಷೆಯ ಕೇಂದ್ರವೊಂದರಲ್ಲಿ ಬೇರೆಯವರ ಸಕ್ಕರೆ, ಕೊಬ್ಬು ನೋಡುತ್ತೇನೆ. ಚೆನ್ನಾಗಿಯೇ ಇದ್ದೇನೆ. ಪ್ರತಿ ವರ್ಷ ಬುದ್ಧ ಪೂರ್ಣಿಮೆಯ ಹಿಂದಿನ ಸಂಜೆ ಅವಳ ಫೋನು ಬರುತ್ತದೆ.

"ನಾಳೆ ಕಟಿಂಗ್ ಇಲ್ಲ ಕಣೇ, ಮರೀಬೇಡ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಗೈಡು ನನಗೆ ಅಂದ ಮಾತು ಅವಳಿಗೆ ಗೊತ್ತಿಲ್ಲ. ತಾನು ಗೆದ್ದದ್ದು ಪೊರೆ ಸುಲಿಯುವುದರಲ್ಲಿ ಎಂದೇ ಅವಳು ಇವತ್ತಿಗೂ ತಿಳಿದಿದ್ದಾಳೆ. ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಅಷ್ಟು ಒಳ್ಳೆಯವಳು ಎಂದು ಅವಳಿಗೂ ಗೊತ್ತಾಗಿಬಿಟ್ಟರೆ ನನ್ನ ಕೈಯಲ್ಲಿ ತಡೆಯುವುದಕ್ಕಾಗುವುದಿಲ್ಲ.